ನೆಟ್ಟಗೆ ಮಲಗು

ಬೆಳಗಾಗುವ ಹೊತ್ತಿಗೆ ಮಗಳು ಮತ್ತೆ ಮಡಚಿಕೊಂಡಿದ್ದಳು. ಚಕ್ಕಳಮಕ್ಕಳ ಹಾಕಿ ಕೂತು, ಮುಂದಕ್ಕೆ ಬಾಗಿ, ಹಣೆಯನ್ನು ತನ್ನ ಪಾದಗಳ ಮೇಲೇ ಇಟ್ಟು ನಿದ್ದೆ. ಗೊರಕೆ ಮಾತ್ರ ಲಾರಿಯದು. ಅವನು ಅವಳ ಕಾಲು ಬಿಡಿಸಿ, ಅಂಗಾತ ಮಲಗಿಸಿ, ಹೊದಿಕೆಯನ್ನು ಗದ್ದದವರೆಗೆ ಎಳೆದ. "ಹೀಗೆ. ನೆಟ್ಟಗೆ."

ಗೊರಕೆ ನಿಂತಿತು. ಸ್ವಲ್ಪ ಹೊತ್ತಿಗೆ ಅವಳು ಬೆಚ್ಚಿ ಕಣ್ಣು ಬಿಟ್ಟು, ಅವನ ಮೂಗು ಹಿಡಿದು ತಿರುಚಿ ನಕ್ಕಳು.

"ಎಬ್ಬಿಸಿದ್ರಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಅವಳೇ ಎದ್ಲು."

ಅವನದು ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಡೊಂಕು ಕಂಡರೆ ಆಗದು. ಯಾರ ಮನೆಗೆ ಹೋದರೂ ಗೋಡೆಯ ಪಟ ಸರಿಮಾಡಿಯೇ ಕೂರುವವನು. ನಾಯಿ ಬಾಲಕ್ಕಾದರೂ ದಬ್ಬೆ ಕಟ್ಟಬಹುದು, ನಿಮ್ಮ ಕೈ ಕಟ್ಟೋಕಾಗಲ್ಲ ಎಂದು ಹೆಂಡತಿ ನಗುತ್ತಿದ್ದಳು. ಮಗಳು ಹುಟ್ಟಿದಾಗ ಡೌನ್ ಸಿಂಡ್ರೋಮ್ ಎಂದಿದ್ದರು. ಅದು ಸ್ಕೇಲಿಗೆ ಬಗ್ಗುವಂಥದ್ದಲ್ಲ ಎಂದು ಅವನಿಗೂ ಗೊತ್ತಿತ್ತು. ನಿದ್ದೆಯಲ್ಲಾದರೂ ಅವಳು ಎಲ್ಲ ಮಕ್ಕಳ ಹಾಗೆ ಕಾಣಲಿ ಎಂಬುದೊಂದು ಆಸೆ ಉಳಿದಿತ್ತು.

ನಿನ್ನೆ ಶಿಶುವಿಹಾರದ ಟೀಚರ್ ಕರೆಸಿ ಹೇಳಿದ್ದರು: ಕಚ್ಚುತ್ತಾಳೆ, ಬಣ್ಣದ ಡಬ್ಬಿ ಎಸೆಯುತ್ತಾಳೆ, ಊಟದ ತಟ್ಟೆಯ ಮುಂದೆ ತೂಕಡಿಸುತ್ತಾಳೆ, ಹೀಗೇ ಆದರೆ ಇಟ್ಟುಕೊಳ್ಳುವುದು ಕಷ್ಟ. ಹೇಳುವಷ್ಟು ಹೊತ್ತೂ ಟೀಚರ ಜಡೆ ಮಗಳ ಮುಷ್ಟಿಯಲ್ಲಿತ್ತು.

ಅದಕ್ಕೇ ಈ ಬೆಳಿಗ್ಗೆ ಡಾಕ್ಟರ ಕೋಣೆ. ಮಗಳು ಅವರ ಸ್ಟೆತಸ್ಕೋಪನ್ನು ಅವರದೇ ಹಣೆಗೆ ಒತ್ತಿ ಪರೀಕ್ಷೆ ನಡೆಸಿದಳು. ಗೋಡೆಯ ಕ್ಯಾಲೆಂಡರ್ ವಾಲಿತ್ತು. ಅವನು ಎದ್ದು ಅದನ್ನು ಸರಿಮಾಡತೊಡಗಿದ.

"ರಾತ್ರಿ ಹೇಗೆ ಮಲಗ್ತಾಳೆ?"

"ಕೂತ್ಕೊಂಡು, ಬಾಗಿ," ಎಂದಳು ಹೆಂಡತಿ. "ಆಮೇಲೆ ನೋಡಿದ್ರೆ ಅಂಗಾತ ಇರ್ತಾಳೆ. ಎಚ್ಚರ ಆಗುತ್ತೆ. ಮತ್ತೆ ಕೂತ್ಕೋತಾಳೆ. ಬೆಳಗಿನವರೆಗೂ ಇದೇ."

"ಅಂಗಾತ ಮಲಗಿಸೋರು ಯಾರು?"

ಕುಂಬಳಕಾಯಿ ಕಳ್ಳನ ಹಾಗೆ ಅವನು ಕ್ಯಾಲೆಂಡರಿನಿಂದ ಕೈ ತೆಗೆದ.

"ಅಂಗಾತ ಮಲಗಿದ್ರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಕಟ್ಟುತ್ತಿರಬಹುದು," ಎಂದರು ಡಾಕ್ಟರು. "ಉಸಿರು ಸಿಗ್ಲಿ ಅಂತ ಬಾಗ್ತಾಳೆ. ಜಾಣೆ. ನಿದ್ದೆ ಕೆಟ್ಟ ಮಕ್ಕಳು ಹಗಲೆಲ್ಲ ಹೀಗೇ ರಂಪ ಮಾಡೋದು. ಮುಂದಿನ ವಾರ ಪರೀಕ್ಷೆ ಮಾಡೋಣ. ಅಲ್ಲೀವರೆಗೂ ಅವಳು ಹೇಗೆ ಮಲಗ್ತಾಳೋ ಹಾಗೇ ಬಿಡಿ."

ಹೆಂಡತಿ ಅವನತ್ತ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಂಗೇನು ಗೊತ್ತಿತ್ತು?" ಎಂದ, ಮೆಟ್ಟಿಲಿಳಿಯುತ್ತ.

"ಈಗ ಗೊತ್ತಾಯ್ತಲ್ಲ. ಬನ್ನಿ, ಬಸ್ಸು ಬಂತು."

ಮಧ್ಯಾಹ್ನ ಮಗಳು ಚಾಪೆಯ ಮೇಲೆ ಮಡಚಿಕೊಂಡಳು. ಗೊರಕೆಯ ಲಾರಿ ಹೊರಟಿತು. ಅವನ ಕೈ ತುರಿಸಿತು. ಕೈಯನ್ನು ತೊಡೆಯಡಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕಾವಲು ಕೂತ. ಅವಳು ಏಳಲಿಲ್ಲ. ಇಷ್ಟು ಹೊತ್ತು ಅವಳು ಮಲಗಿದ್ದನ್ನು ಅವನು ಕಂಡೇ ಇರಲಿಲ್ಲ. ಖುಷಿಯಾಯಿತು, ನಾಚಿಕೆಯೂ ಆಯಿತು. ಎಷ್ಟೋ ರಾತ್ರಿಗಳ ಬಾಕಿ ನಿದ್ದೆ ಅವನನ್ನೂ ಎಳೆಯಿತು. ಕತ್ತು ವಾಲಿತು, ಬಾಯಿ ತೆರೆಯಿತು.

ಯಾರೋ ಕಾಲೆಳೆದಂತಾಗಿ ಎಚ್ಚರವಾಯಿತು. ಮಗಳು. ಅವನು ಚಾಪೆಗೆ ಜಾರಿದ. ಅವಳು ಅವನ ಮಂಡಿ ಒತ್ತಿ ಕಾಲು ಚಾಚಿಸಿದಳು. ಕೈಗಳನ್ನು ಪಕ್ಕಕ್ಕೆ ಜೋಡಿಸಿದಳು.

"ಈಗೆ. ನೆತ್ತಗೆ."

"ಅಲುಗಾಡ್ಬೇಡಿ ರೀ," ಬಾಗಿಲಲ್ಲಿ ಹೆಂಡತಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. "ಅಪ್ಪನ ಮಗಳೇ ಸರಿ."

ಅವನಿಗೂ ನಗು ಬಂತು. ಕಣ್ಣು ಮುಚ್ಚಿದ. ಮಗಳು ಹೊದಿಕೆಯನ್ನು ಗದ್ದದವರೆಗೆ ಎಳೆದಳು. ಸಮಾಧಾನವಾಗದೆ ಮುಖದ ಮೇಲೂ ಎಳೆದು, ಚಪ್ಪಾಳೆ ತಟ್ಟಿದಳು.

ಒಳಗೆ ಕತ್ತಲು, ಸೆಕೆ. ಇಬ್ಬರ ನಗು ಅಡುಗೆಮನೆಯ ಕಡೆಗೆ ಹೋಯಿತು. ಅವನು ಉಸಿರು ಬಿಗಿಹಿಡಿದು, ನೆಟ್ಟಗೆ, ಮಲಗಿಯೇ ಇದ್ದ.