ಮದುವೆ ಮುಗಿಯಲಿ ಎಂದು ನುಂಗಿದ ಮಾತು

ಸುತ್ತಿಗೆಯ ಒಂದೇ ಏಟಿಗೆ ತೂತು ಬಿತ್ತು. ಜೋರಾದ ಏಟೂ ಅಲ್ಲ, ಮೆಲ್ಲಗೆ ತಟ್ಟಿದ್ದು ಅಷ್ಟೇ. ಮಡಗಾಸ್ಕರ್‌ನ ರಾಜಧಾನಿ ಅಂತಾನನರಿವೋದ ವೆಲ್ಡರ್ ರವೆಲೊ ಆ ಹಳೆಯ ಟ್ಯಾಕ್ಸಿಯ ಅಡಿಯಲ್ಲಿ ಅಂಗಾತ ಮಲಗಿದ್ದವನು ಹಾಗೇ ಕಣ್ಣು ಮುಚ್ಚಿಕೊಂಡ. ಹಿಂದಿನ ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳು ಗಾಡಿಯ ಅಡಿಚೌಕಟ್ಟಿಗೆ ಸೇರುವ ಜಾಗವೇ ತುಕ್ಕು ತಿಂದು ಹಪ್ಪಳವಾಗಿತ್ತು.

"ಹೆಂಗಿದಾಳೋ ನಮ್ಮ ಮುದುಕಿ?" ಇಪ್ಪತ್ತು ವರ್ಷದಿಂದ ಆ ಟ್ಯಾಕ್ಸಿ ಓಡಿಸುತ್ತಿದ್ದ ಸೊಲೊಫೊ ಹೊರಗಿನಿಂದ ಕೂಗಿದ. "ಶನಿವಾರ ಮಗಳನ್ನ ಇದ್ರಲ್ಲೇ ಚರ್ಚಿಗೆ ಕರ್ಕೊಂಡು ಹೋಗ್ಬೇಕು. ತುಕ್ಕು ಹಿಡೀದಂಗೆ ಅಡಿಭಾಗಕ್ಕೆಲ್ಲ ಚೆನ್ನಾಗಿ ಟಾರು ಬಳಿಯಪ್ಪಾ, ಮದುಮಗಳ ಗಾಡಿ!"

ನಮ್ಮವರ ನಯವೇ ನಯ! ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳುವವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಅದರಲ್ಲೂ ಮದುವೆಗೆ ಮುಂಚೆ ಅಪಶಕುನ ನುಡಿದರೆ ಮುಗಿದೇ ಹೋಯಿತು. ರವೆಲೊ ತೂತಿನ ಮೇಲೂ ಟಾರು ಬಳಿದ.

"ಮದುವೆ ಮುಗೀಲಿ ಅಣ್ಣ, ಆಮೇಲೆ ಒಂದ್ಸಲ ಬಾ. ನೋಡೋಣ."

"ಬರ್ತೀನಿ ಬಿಡು. ನೀನು ಊಟಕ್ಕೆ ಬರದೆ ಇದ್ರೆ ಮಾತ್ರ ಹುಷಾರ್!"

ಶನಿವಾರ ರಿಬ್ಬನ್ ಕಟ್ಟಿದ ಟ್ಯಾಕ್ಸಿ ಮದುಮಗಳನ್ನು ಇಳಿಸುವವರೆಗೆ ರವೆಲೊಗೆ ಜೀವದಲ್ಲಿ ಜೀವವಿರಲಿಲ್ಲ. ಸದ್ಯ, ಏನೂ ಆಗಲಿಲ್ಲ. ಸೋಮವಾರ ಸೊಲೊಫೊ ಬರಲಿಲ್ಲ. ಮಂಗಳವಾರವೂ ಇಲ್ಲ. ತಾನೇ ಹೋಗಿ ಹೇಳೋಣವೆಂದು ರವೆಲೊ ಅವನ ಮನೆಯ ಬಾಗಿಲವರೆಗೂ ಹೋದ. ಒಳಗೆ ನೆಂಟರ ನಗು ಕೇಳಿಸಿತು, ಹಾಗೇ ಹಿಂದಿರುಗಿದ. ಅಯ್ಯೋ, ಒಂದು ಮಾತು ಹೇಳುವುದಕ್ಕೆ ಏನು ಧಾಡಿಯಾಗಿತ್ತೋ!

ಬುಧವಾರ ಮಾರುಕಟ್ಟೆಯ ಇಳಿಜಾರಿನಲ್ಲಿ ಆ ತೋಳು ಕಿತ್ತು ಬಂತು. ಗಾಡಿ ಗೋಡೆಗೆ ಬಡಿಯಿತು. ಸೊಲೊಫೊನ ಬಲಗಾಲನ್ನು ಮಂಡಿಗಿಂತ ಮೇಲಕ್ಕೆ ಕತ್ತರಿಸಬೇಕಾಯಿತು.

ಆಸ್ಪತ್ರೆಯಲ್ಲಿ ಅವನೇ ರವೆಲೊನ ಕೈ ಹಿಡಿದುಕೊಂಡ. "ನೀನು ಬಾ ಅಂದಿದ್ದೆ, ನಾನೇ ಸೋಮಾರಿತನ ಮಾಡ್ದೆ. ತಪ್ಪು ನಂದೇ ಕಣೋ."

ರವೆಲೊಗೆ ತಡೆಯಲಾಗಲಿಲ್ಲ. "ಇಲ್ಲ ಅಣ್ಣ. ನಂಗೆ ಅವತ್ತೇ ಗೊತ್ತಿತ್ತು. ಸುತ್ತಿಗೆ ತಾಗಿಸಿದ್ರೆ ತೂತು ಬಿತ್ತು. ಮದುವೆ ಮನೆ ಅಂತ ಬಾಯಿ ಬಿಡ್ಲಿಲ್ಲ, ಮುಚ್ಚಿಬಿಟ್ಟೆ."

ಬೈಯುತ್ತಾನೆಂದು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸೊಲೊಫೊ ಹಿಡಿದಿದ್ದ ಕೈ ಬಿಟ್ಟು, ಸೂರಿನತ್ತ ಮುಖ ತಿರುಗಿಸಿದ.

"ಚರ್ಚು ನಮ್ಮನೆಯಿಂದ ಎರಡೇ ಬೀದಿ ದೂರ," ಎಂದ. "ಹೇಳಿದ್ದಿದ್ರೆ ಮಗಳ ಕೈ ಹಿಡ್ಕೊಂಡು ನಡ್ಕೊಂಡೇ ಹೋಗ್ತಿದ್ನಲ್ಲೋ."