ನೀರುಮಕ್ಕಳ ಬಾಳೆ

ಮಗು ಬೆಳಿಗ್ಗೆ ತೀರಿಕೊಂಡಿತು. ಮಳೆಗಾಲದಲ್ಲಿ ನಮ್ಮ ಬೆಟ್ಟದ ದಾರಿ ಕೆಂಪು ಕೆಸರಿನ ಹೊಳೆಯಾಗುತ್ತದೆ. ಪೇಟೆಯ ಆಸ್ಪತ್ರೆಗೆಂದು ಹೊರಟಿದ್ದ ಮಗ ನೈವು ಮತ್ತು ಸೊಸೆ ನುಮೆನ ಅರ್ಧ ದಾರಿಯಿಂದಲೇ ತಿರುಗಿ ಬಂದರು. ನುಮೆನ ಕೂಸನ್ನು ಇನ್ನೂ ಬೆನ್ನಿಗೆ ಕಟ್ಟಿಕೊಂಡೇ ಇದ್ದಳು. ನಿದ್ದೆ ಮಾಡುವ ಮಗುವಿನ ತಲೆಗೆ ಬಿಸಿಲು ತಾಗದಂತೆ ಬಟ್ಟೆ ಎಳೆಯುತ್ತಾರಲ್ಲ, ಹಾಗೆ ಬಟ್ಟೆಯನ್ನು ಎಳೆದಿದ್ದಳು.

ಅದು ನನ್ನ ಮೊದಲ ಮೊಮ್ಮಗ. ಹೆಸರು ಮಿಹಾಜ.

ಊರ ಮೇಲಿನ ದಿಬ್ಬದಲ್ಲಿ ನಮ್ಮ ಕುಲದ ಕಲ್ಲುಮನೆ ಇದೆ. ನನ್ನ ಅಪ್ಪ, ಅಜ್ಜ, ಮುತ್ತಜ್ಜಿ ಎಲ್ಲರೂ ರೇಷ್ಮೆ ಸುತ್ತಿಕೊಂಡು ಅಲ್ಲಿನ ಹಾಸುಗಲ್ಲುಗಳ ಮೇಲೆ ಮಲಗಿದ್ದಾರೆ. ಕೆಲವು ವರ್ಷಗಳಿಗೊಮ್ಮೆ ಚಳಿಗಾಲದಲ್ಲಿ ಬಾಗಿಲು ತೆಗೆದು, ಅವರ ಎಲುಬುಗಳನ್ನು ಹೊರಗೆ ತಂದು, ಹೊಸ ವಸ್ತ್ರ ಹೊದಿಸಿ, ಊರ ಸುದ್ದಿ ಹೇಳಿ ಮತ್ತೆ ಒಳಗಿಡುತ್ತೇವೆ. ಆ ಮನೆಯಲ್ಲಿ ಜಾಗವಿಲ್ಲದವನು ಸತ್ತ ಮೇಲೂ ಅನಾಥ. ಆದರೆ ಹಲ್ಲು ಮೂಡದ ಕೂಸಿಗೆ ಅಲ್ಲಿ ಜಾಗವಿಲ್ಲ. ಅದು ಇನ್ನೂ ನೀರು, ಎಲುಬಾಗಿಲ್ಲ ಎನ್ನುತ್ತಾರೆ. ನೀರುಮಗುವನ್ನು ಗದ್ದೆಯಂಚಿನ ತೇವದ ನೆಲದಲ್ಲಿ ಇಟ್ಟು ಬರಬೇಕು. ಅಲ್ಲಿ ಕಲ್ಲು ನಿಲ್ಲಿಸುವಂತಿಲ್ಲ, ಅಳುವಂತಿಲ್ಲ, ಆಮೇಲೆ ಅದರ ಹೆಸರನ್ನು ಎತ್ತುವಂತೆಯೂ ಇಲ್ಲ.

ಕಲ್ಲುಮನೆಯ ಬಾಗಿಲು ತೆಗೆಸುವ ಮಾತು ಕುಲದ ಹಿರಿಯನದು. ಈಗ ಆ ಹಿರಿಯ ನಾನು. ಚರ್ಚಿನಲ್ಲಿಯೂ ಹಿರಿಯರ ಬೆಂಚಿನಲ್ಲಿ ಕೂರುವವನೇ.

ಪಾದ್ರಿಗಳು ಮೊಣಕಾಲಿನವರೆಗೆ ಕೆಸರಾಗಿ ಬಂದರು. ನನ್ನ ದಾಯಾದಿ ರಲಾಯಿಯೂ ಬಂದು ಒಲೆಯ ಪಕ್ಕ ಕುಳಿತ. ನನ್ನ ಹೆಂಡತಿ ರಾವು ತಳ ಹಿಡಿದ ಅನ್ನದ ಪಾತ್ರೆಗೆ ನೀರು ಹೊಯ್ದು ಕಾಯಿಸಿ ಎಲ್ಲರಿಗೂ ಕೊಟ್ಟಳು. ನುಮೆನ ಕುಡಿಯಲಿಲ್ಲ, ಕೂರಲೂ ಇಲ್ಲ.

"ಮಾವ, ಇವನನ್ನ ಮೇಲಿನ ಮನೇಲೇ ಇಡ್ಬೇಕು," ಎಂದಳು.

ರಾವು ತಲೆ ಎತ್ತದೆ ಹೇಳಿದಳು: "ಹಲ್ಲು ಬರದ ಕೂಸು ಕಣಮ್ಮ. ಆಗಲ್ಲ."

ಪಾದ್ರಿಗಳು ಬಟ್ಟಲನ್ನು ಕೆಳಗಿಟ್ಟರು. "ಆದಾಮ ಹಣ್ಣು ತಿಂದು ದೇವರ ಮಾತು ಮೀರಿದ, ಅವನಿಂದ ಸಾವು ಬಂತು. ಅದು ನಮ್ಮೆಲ್ಲರ ಮೇಲೂ ಇದೆ. ಆದ್ರೆ ಈ ಮಗೂಗೆ ದೀಕ್ಷಾಸ್ನಾನ ಆಗಿದೆ, ರಾವಮ್ಮ. ಮೇಲಿಡಿ, ಕೆಳಗಿಡಿ, ಕೊನೇ ದಿನ ದೇವರು ಇವನನ್ನ ಎಬ್ಬಿಸ್ತಾನೆ."

"ಯಾರೋ ಏನೋ ತಿಂದಿದ್ದಕ್ಕೆ ಹಾಲು ಕುಡಿಯೋ ಕೂಸು ದಂಡ ಕಟ್ಟಬೇಕಾ?" ಎಂದಳು ರಾವು. "ನಾನೂ ನಿಮ್ಮ ಚರ್ಚಿಗೆ ಬರ್ತೀನಿ, ಪದ ಹೇಳ್ತೀನಿ. ಆದ್ರೆ ನಮ್ಮಜ್ಜಿ ಹೇಳಿದ್ದು ಬೇರೆ. ಮೊದಲ ಗಂಡ ಹೆಂಡ್ತೀನ ಝನಹಾರಿ ದೇವರು ಕರೆದು ಕೇಳಿದನಂತೆ, ಚಂದ್ರನ ಹಾಗೆ ಸಾಯ್ತೀರೋ, ಬಾಳೆ ಹಾಗೆ ಸಾಯ್ತೀರೋ ಅಂತ. ಚಂದ್ರ ಸವೆದು ಸವೆದು ಸಾಯ್ತಾನೆ, ಮತ್ತೆ ತಾನೇ ಹುಟ್ತಾನೆ, ಆದ್ರೆ ಯಾವತ್ತಿಗೂ ಒಂಟಿ. ಬಾಳೆ ಒಂದೇ ಸಲ ಸಾಯೋದು. ಆದ್ರೆ ಬುಡದಲ್ಲಿ ಕಂದು ಬಿಟ್ಟು ಹೋಗುತ್ತೆ. ನಮಗೆ ಮಕ್ಕಳು ಬೇಕು, ಬಾಳೆ ಸಾವೇ ಇರ್ಲಿ ಅಂದ್ರು. ಅದು ಶಾಪ ಅಲ್ಲ. ಕೇಳಿ ಕೊಟ್ಟಿದ್ದು, ಒಪ್ಪಿ ತಗೊಂಡಿದ್ದು."

ರಲಾಯಿಗೆ ಎಂಥ ಹೊತ್ತಿನಲ್ಲೂ ಬಾಯಿ ನಿಲ್ಲುವುದಿಲ್ಲ. "ಪಾದ್ರಿಗಳ ಕಡೆಯೋರು ಹಣ್ಣು ತಿಂದು ಕೆಟ್ರು, ನಮ್ಮೋರು ಹಣ್ಣಿನ ಗಿಡ ನೋಡಿ ಕೆಟ್ರು. ಒಟ್ನಲ್ಲಿ ಗೆಣಸು ತಿನ್ಕೊಂಡಿದ್ರೆ ಇವತ್ತು ಯಾರೂ ಸಾಯ್ತಿರ್ಲಿಲ್ಲ."

"ನೀನು ಅವತ್ತು ಇದ್ದಿದ್ರೆ ಗಿಡಾನೂ ಬಿಡ್ತಿರ್ಲಿಲ್ಲ," ಎಂದರು ಪಾದ್ರಿಗಳು.

ರಲಾಯಿ ಬಟ್ಟಲೊಳಗೆ ಮುಖ ಇಟ್ಟ.

"ಅತ್ತೆ," ಎಂದಳು ನುಮೆನ. ಅವಳ ದನಿ ಮೆಲ್ಲಗಿತ್ತು. "ಒಪ್ಪಿಗೆ ಅಂದ್ರೆ ಎರಡು ಕಡೇನೂ ನಡೀಬೇಕಲ್ವಾ? ತಾಯಿ ಹೋಗೋದು, ಕಂದು ಉಳಿಯೋದು. ನಾನು ಇಲ್ಲಿ ನಿಂತಿದೀನಿ. ಕಂದು ಬೆನ್ನ ಮೇಲೆ ತಣ್ಣಗಿದೆ. ಇದನ್ನ ಯಾರು ಒಪ್ಪಿದ್ದು?"

ರಾವು ಒಲೆಗೆ ಸೌದೆ ನೂಕಿದಳು. ನುಮೆನ ಪಾದ್ರಿಗಳ ಕಡೆ ತಿರುಗಿದಳು.

"ನಿಮ್ಮ ಪುಸ್ತಕದಲ್ಲಿ ಮೊದಲು ಸತ್ತಿದ್ದು ಯಾರು? ಆದಾಮನಾ?"

ಪಾದ್ರಿಗಳು ತಡೆದು ಹೇಳಿದರು: "ಅಲ್ಲಮ್ಮ. ಅವನ ಮಗ ಹೇಬೆಲ."

"ಹವ್ವ ಬದುಕಿದ್ಲಾ ಆಗ?"

"ಬದುಕಿದ್ಲು."

"ಮಗನ್ನ ಎಲ್ಲಿಟ್ಲು?"

"ಅದು ಬರೆದಿಲ್ಲ."

ಆ ಅಧ್ಯಾಯವನ್ನು ಸಭೆಯ ಮುಂದೆ ನಿಂತು ನಾನು ಎಷ್ಟೋ ಬಾರಿ ಓದಿದ್ದೇನೆ. ತಮ್ಮನನ್ನು ಕೊಂದ ಕಾಯಿನನ ಕೋಪ, ದೇವರ ಪ್ರಶ್ನೆ, ಮಣ್ಣಿನಿಂದ ಕೂಗಿದ ರಕ್ತ, ಎಲ್ಲವೂ ನನಗೆ ಬಾಯಿಪಾಠ. ಸಾವು ಎಂದರೇನೆಂದೇ ಅದುವರೆಗೆ ಯಾರೂ ಕಂಡಿರದ ಭೂಮಿಯಲ್ಲಿ, ಏಳದ ಮಗನನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ ತಾಯಿಯನ್ನು ನಾನು ಒಮ್ಮೆಯೂ ನೆನೆದಿರಲಿಲ್ಲ.

ನುಮೆನ ಬೆನ್ನಿನ ಗಂಟು ಬಿಚ್ಚಿ ಕೂಸನ್ನು ನನ್ನ ಮುಂದೆ ಚಾಪೆಯ ಮೇಲೆ ಮಲಗಿಸಿದಳು. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು.

"ಹಲ್ಲು ಬಂದಿದೆ ಮಾವ. ಮೊನ್ನೆ ನನ್ನ ಕಚ್ಚಿದ. ನೀವೇ ನೋಡಿ."

ನಾನು ಕೈ ತೊಳೆದುಕೊಂಡು ಬಂದು, ಕಿರುಬೆರಳನ್ನು ಆ ಪುಟ್ಟ ಬಾಯೊಳಗೆ ಇಟ್ಟೆ. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನ ತುದಿಯಂತೆ ಗಟ್ಟಿಯಾದದ್ದೊಂದು ಸಿಕ್ಕಿತು. ಇತ್ತು. ಆದರೆ ಚರ್ಮದ ಕೆಳಗೇ ಇತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನೈವು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

"ಇದೆ," ಎಂದೆ. "ಹೊರಗೆ ಬಂದಿಲ್ಲ. ಆದ್ರೆ ಇದೆ."

ರಲಾಯಿ ಕೆಮ್ಮಿದ. "ಅಣ್ಣ, ನೀನು ಇದೆ ಅಂದ್ರೆ ಇದೆ. ಬಾಗಿಲು ತೆಗೆಯೋಕೆ ಹುಡುಗರನ್ನ ಕರೀತೀನಿ. ಯಾರು ಬಂದು ಬಾಯಿ ನೋಡ್ತಾರೆ?"

ಸೊಸೆಯ ಮುಖದಲ್ಲಿ ಏನೋ ಸಡಿಲವಾಯಿತು. ಕರೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಬಳಿಯಿಂದ ರಾವು ಎದ್ದು ನಿಂತಳು.

"ಹಾಗಾದ್ರೆ ನನ್ನದನ್ನೂ ಅಗೆದು ತನ್ನಿ," ಎಂದಳು.

ಅವಳು ಚಾಪೆಯ ಬಳಿ ಬಂದಳು.

"ಇದೇ ಮನೇಲಿ, ಇದೇ ಚಾಪೆ ಮೇಲೆ ನಿಮ್ಮಮ್ಮ ನನ್ನ ಕೂಸಿನ ಬಾಯಿಗೆ ಬೆರಳಿಟ್ಟು ನೋಡಿದ್ರು. ಅದಕ್ಕೂ ಒಳಗೆ ಗಟ್ಟಿ ಇತ್ತು. ನಾನೂ ಮುಟ್ಟಿ ನೋಡಿದ್ದೆ. ಹೊರಗೆ ಬಂದಿಲ್ಲ ಅಂದ್ರು. ನಾನು ಬಾಯಿ ಮುಚ್ಕೊಂಡೆ. ಅಳಬೇಡ ಅಂದ್ರು, ಅಳಲಿಲ್ಲ. ಮಾರನೇ ದಿನ ಗದ್ದೆಗಿಳಿದು ನಾಟಿ ಹಾಕಿದೆ. ಇವನು ಒಳಗೆ ಹೋಗಬಹುದು ಅಂದ್ರೆ ಅವಳು ಯಾಕೆ ಹೊರಗಿದ್ದಾಳೆ? ಹೇಳಿ."

ಅವಳು ನನ್ನನ್ನೇ ಕೇಳುತ್ತಿದ್ದಳು. ಆ ಕೂಸನ್ನು ಕೆಳಗೆ ಒಯ್ದ ಕೈಗಳು ನನ್ನವೇ. ಅಂದಿನಿಂದ ಇಂದಿನವರೆಗೆ ನಮ್ಮಿಬ್ಬರ ನಡುವೆ ಆ ಮಾತು ಬಂದಿರಲಿಲ್ಲ. ನೈವು ಕಣ್ಣು ತೆರೆದು ತಾಯಿಯನ್ನು ನೋಡಿದ. ತನಗೊಬ್ಬಳು ಅಕ್ಕ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ.

ಒಂದು ಕೂಸನ್ನು ಒಳಗಿಟ್ಟರೆ ಇನ್ನೊಂದು ಕೂಸನ್ನು ಎರಡನೇ ಸಲ ಹೊರಗೆ ಹಾಕಿದಂತಾಗುತ್ತಿತ್ತು.

ನುಮೆನ ಕೇಳಿದಳು: "ಅವಳ ಹೆಸರೇನು, ಅತ್ತೆ?"

ರಾವುವಿನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಎರಡನೇ ಸಲ ಹೊರಟಿತು.

"ಬಕುಲಿ."

"ಎಲ್ಲಿದ್ದಾಳೆ?"

"ಕೆಳಗೆ. ಬಾಳೆ ಹತ್ರ."

"ಎಲ್ಲಿ ಅಂತ ಸರಿಯಾಗಿ ಗೊತ್ತಾ?"

"ಗೊತ್ತಿಲ್ದೆ ಏನು?" ಎಂದಳು ರಾವು, ಯಾರೋ ತನ್ನ ಅಡುಗೆಮನೆಯಲ್ಲಿ ಉಪ್ಪೆಲ್ಲಿದೆ ಎಂದು ಕೇಳಿದಂತೆ.

ನುಮೆನ ಬಾಗಿ ಕೂಸನ್ನು ಎತ್ತಿಕೊಂಡಳು. "ಮಾವ, ಬಾಗಿಲು ತೆಗೆಸ್ಬೇಡಿ. ಇವನು ಕೆಳಗೆ ಗದ್ದೇಲಿ ಒಬ್ಬನೇ ಇರ್ತಾನೆ ಅಂತಲೇ ನನಗೆ ಸಂಕಟ ಆಗಿದ್ದು. ಇವನ ಸೋದರತ್ತೆ ಬಕುಲಿ ಇರೋ ಜಾಗಕ್ಕೇ ಕರ್ಕೊಂಡು ಹೋಗ್ತೀನಿ."

ನಾನು ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ನನಗೆಂದು ರಾವು ಕಾಡುರೇಷ್ಮೆಯಲ್ಲಿ ನೇಯ್ದಿಟ್ಟ ಹೊದಿಕೆ ಅದರ ತಳದಲ್ಲಿತ್ತು. ಕಲ್ಲುಮನೆಗೆ ಹೋಗುವ ದಿನ ನಾನು ಸುತ್ತಿಕೊಳ್ಳಬೇಕಾದದ್ದು. ನೀರುಮಗುವಿಗೆ ರೇಷ್ಮೆ ಹಾಕಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಏಕೆಂದರೆ ಹಾಕುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅದನ್ನು ತಂದು ರಾವುವಿನ ಮುಂದೆ ಹಿಡಿದೆ.

"ಹರಿಯಲಾ?"

ಅವಳು ನೇಯ್ಗೆಯನ್ನು ಸವರಿ, ಬಿಗಿ ಎಲ್ಲಿ ಕಡಿಮೆ ಎಂದು ಬೆರಳಲ್ಲಿ ಹುಡುಕಿ ತೋರಿಸಿದಳು. "ಇಲ್ಲಿಂದ ಹರೀರಿ. ಎರಡು ಮಾಡಿ."

ಮಳೆ ನಿಂತಿತ್ತು. ಗದ್ದೆಯಂಚಿಗೆ ಇಳಿದಾಗ ನೈವು ದೊಡ್ಡ ಬಾಳೆಗುಂಪಿನ ಬುಡಕ್ಕೆ ಉದ್ದ ಹಿಡಿಯ ಗುದ್ದಲಿ ಹಾಕಹೋದ. ರಾವು ಅವನ ಕೈ ಹಿಡಿದಳು.

"ಅಲ್ಲಲ್ಲ. ಬಾಳೆ ನಿಂತ ಕಡೆ ನಿಲ್ಲಲ್ಲಪ್ಪ. ಕಂದು ಪಕ್ಕಕ್ಕೆ ಏಳುತ್ತೆ, ತಾಯಿ ಕೊಳೆಯುತ್ತೆ, ಕಂದಿನ ಕಂದು ಇನ್ನೂ ಪಕ್ಕಕ್ಕೆ ಹೋಗುತ್ತೆ. ಅವಳ ಮೇಲೆ ನಾನು ನೆಟ್ಟ ಗಿಡ ಅಲ್ಲಿತ್ತು." ಅವಳು ಹುಲ್ಲು ಬೆಳೆದ ಬರಿಯ ನೆಲದತ್ತ ನಡೆದು, ಒಂದು ಕಡೆ ಕಾಲಿಟ್ಟು ನಿಂತಳು. "ಇಲ್ಲಿ. ವರ್ಷವರ್ಷಾನೂ ಎಷ್ಟು ಸರೀತು ಅಂತ ನೋಡ್ತಾ ಬಂದಿದೀನಿ."

ಅವಳು ಬಾಳೆಯ ಹಣ್ಣು ಕೀಳಲೆಂದು ಇಲ್ಲಿಗೆ ಬರುತ್ತಾಳೆ ಎಂದು ನಾನು ತಿಳಿದಿದ್ದೆ.

ನೈವು ಅದರ ಪಕ್ಕದಲ್ಲಿ ಅಗೆದ. ಅರ್ಧ ರೇಷ್ಮೆಯಲ್ಲಿ ಮಿಹಾಜನನ್ನು ಸುತ್ತಿ ಇಟ್ಟೆವು. ಇನ್ನರ್ಧವನ್ನು ರಾವು ತಾನೇ ಕೈಯಿಂದ ಮಣ್ಣು ತೋಡಿ, ಮಡಿಸಿ, ಮಗಳ ಜಾಗದಲ್ಲಿ ಮುಚ್ಚಿದಳು. ನುಮೆನ ಅಳಲು ತೊಡಗಿದಳು. ಇಲ್ಲಿ ಅಳಬಾರದು ಎಂದು ಹೇಳಬೇಕಾದವನು ನಾನು. ಆಮೇಲೆ ರಾವುವಿನಿಂದಲೂ ಒಂದು ಸದ್ದು ಹೊರಟಿತು. ಇಷ್ಟು ವರ್ಷ ಜೊತೆಗೆ ಬಾಳಿದ ನಾನು ಆ ಸದ್ದನ್ನು ಅದೇ ಮೊದಲು ಕೇಳಿದೆ. ಪಾದ್ರಿಗಳು ಟೋಪಿ ತೆಗೆದರು, ಪ್ರಾರ್ಥನೆ ಶುರುಮಾಡಿ ನಡುವೆ ನಿಲ್ಲಿಸಿದರು. ನಾನು ಕೆಸರಿನಲ್ಲಿ ಮೊಣಕಾಲೂರಿ, ದೇವರನ್ನು ಏನೂ ಕೇಳದೆ, ಆ ಎರಡು ಹೆಸರುಗಳನ್ನು ಮಾತ್ರ ಅವನಿಗೆ ಹೇಳಿದೆ.

ಹಿಂತಿರುಗುವಾಗ ರಾವು ಹೇಳಿದಳು: "ನಿಮಗೆ ಇನ್ನೊಂದು ನೇಯ್ತೀನಿ."

ಆ ಮಳೆಗಾಲ ಕಳೆದ ಮೇಲೆ ಮಗ್ಗದ ಮುಂದೆ ಕುಳಿತಳು. ಆದರೆ ಅವಳಿಗೀಗ ಕಣ್ಣು ಮಂಜು, ಎಳೆ ಕಾಣುವುದಿಲ್ಲ. ಮಗ್ಗದ ಮೇಲೆ ಒಂದು ಗೇಣು ಬಟ್ಟೆ ಹಾಗೆಯೇ ನಿಂತಿದೆ. ನಾನು ಆ ಮಾತು ಎತ್ತಿಲ್ಲ. ಸಂಜೆಯ ಹೊತ್ತು ಅತ್ತೆಯೂ ಸೊಸೆಯೂ ಬಾಳೆಯ ಕಡೆ ಇಳಿದು ಹೋಗುತ್ತಾರೆ. ಅವರು ಬರುವವರೆಗೆ ನಾನು ಒಲೆಯ ಬೆಂಕಿ ಆರದಂತೆ ನೋಡಿಕೊಳ್ಳುತ್ತೇನೆ.