ಬಾಗಿಲು ಮುಚ್ಚಿ ಹೋದವನು

ಆ ಬೈಂಡಿಂಗ್ ಮನೆಯಲ್ಲಿ ಎಂಟು ಜನ ಹೆಂಗಸರು, ಒಬ್ಬನೇ ಗಂಡಸು. ಅವನು ಕಾಗದ ಕತ್ತರಿಸುವ ಯಂತ್ರದವನು. ವಾರಕ್ಕೆ ನಾಲ್ಕು ಮಾತಾಡಿದರೆ ಅದೇ ಹೆಚ್ಚು. ಅದಕ್ಕೇ ಹೆಂಗಸರೆಲ್ಲ ಸೇರಿ ಅವನಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. “ರೇಡಿಯೋ ಅಣ್ಣ, ಇವತ್ತಿನ ವಾರ್ತೆ ಏನು?” ಎಂದು ಕೆಣಕಿದರೆ ತುಟಿಯಂಚಿನಲ್ಲಿ ನಕ್ಕು ಮತ್ತೆ ರಟ್ಟಿನ ಅಳತೆಗೆ ತಲೆ ಬಗ್ಗಿಸುತ್ತಿದ್ದ. ನೆಲ ನೋಡಿ ನಡೆಯುವ ಮನುಷ್ಯ ಎಂದು ಎಲ್ಲರೂ ಹೇಳುತ್ತಿದ್ದರು.

ಮಡಚಿದ ಹಾಳೆಗಳನ್ನು ಸೂಜಿ ದಾರದಲ್ಲಿ ಹೊಲಿದು ಪುಸ್ತಕ ಮಾಡುವವಳು ಅಲ್ಲಿಗೆ ಸೇರಿ ಹನ್ನೆರಡು ವರ್ಷವಾಗಿತ್ತು. ಹೋದ ವರ್ಷವಷ್ಟೇ ತನ್ನ ನಾದಿನಿಯನ್ನೂ ಕರೆತಂದು ಅಂಟು ಹಚ್ಚುವ ಕೆಲಸಕ್ಕೆ ಸೇರಿಸಿದ್ದಳು. ಅತ್ತೆಗೆ ಮನಸ್ಸಿರಲಿಲ್ಲ. “ನನ್ನ ಕಣ್ಣ ಮುಂದೆ ಇರ್ತಾಳಲ್ಲ ಅತ್ತೆ” ಎಂದು ಒಪ್ಪಿಸಿದವಳು ಇವಳೇ.

ಒಂದು ಮಂಗಳವಾರ ರೇಡಿಯೋ ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವ ಹೊತ್ತಿಗೆ ನಾದಿನಿ, “ಅತ್ತಿಗೆ, ಅಂಟು ಮುಗೀತು, ನಾನು ತರ್ಲಾ?” ಎಂದಳು. “ನೀನು ಕೂತ್ಕೋ, ಆ ಡಬ್ಬ ನಿನ್ನ ಕೈಗೆ ಎಟಕಲ್ಲ” ಎಂದು ಇವಳೇ ಹಿಂದಿನ ಕಾಗದದ ಕೋಣೆಗೆ ಹೋದಳು.

ಮೊದಲ ಸದ್ದು ಕೇಳಿದಾಗ ಯಾವುದೋ ಕಾಗದದ ಕಟ್ಟು ಕೆಳಗೆ ಬಿತ್ತೆಂದುಕೊಂಡಳು. ಎರಡನೆಯದಕ್ಕೆ ಕೂಗು ಕೇಳಿತು. ಮೂರನೆಯದಕ್ಕೆ ಕಾಗದದ ಕಟ್ಟುಗಳ ಸಂದಿಯಲ್ಲಿ ಕುಸಿದು ಕೂತಳು. ನಾದಿನಿಯ ದನಿಯಲ್ಲಿ “ಅತ್ತಿಗೆ” ಎಂಬುದು ಒಂದೇ ಒಂದು ಸಲ ಕಿವಿಗೆ ಬಿತ್ತು. ಏಳಬೇಕೆಂದುಕೊಂಡಳು, ಮೈ ಮಾತು ಕೇಳಲಿಲ್ಲ.

ಆಮೇಲೆ ಕೋಣೆಯ ಬಾಗಿಲು ತೆರೆಯಿತು. ಬಂದೂಕು ಹಿಡಿದ ರೇಡಿಯೋ ಹೊಸ್ತಿಲಲ್ಲಿ ನಿಂತಿದ್ದ. ಅವನ ಕಣ್ಣೂ ಇವಳ ಕಣ್ಣೂ ಕೂಡಿದವು. ಎಷ್ಟು ಹೊತ್ತೋ ಏನೋ. ಅವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಪೊಲೀಸರು ಬರುವವರೆಗೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದನಂತೆ.

ನಾದಿನಿಯದೂ ಸೇರಿ ಏಳು ಹೆಣ. ಪತ್ರಿಕೆಯವರು ತಿಂಗಳುಗಟ್ಟಲೆ ಬರೆದರು. ದೂರದೂರದವರು ಬಂದು ಬೀಗ ಹಾಕಿದ ಬೈಂಡಿಂಗ್ ಮನೆಯ ಮುಂದೆ ನಿಂತು ನೋಡಿಕೊಂಡು ಹೋದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? “ಎಲ್ಲರನ್ನೂ ಕೊಂದವನು ಇವಳೊಬ್ಬಳನ್ನ ಯಾಕೆ ಬಿಟ್ಟ?” ಎಂಬ ಮಾತು ತರಕಾರಿ ಅಂಗಡಿಯಲ್ಲಿ ಹುಟ್ಟಿ ಬೀದಿ ಸುತ್ತಿ ಮನೆಯೊಳಗೂ ಬಂತು. ಅತ್ತೆ ಒಂದೇ ಸಲ ಕೇಳಿದರು. ಒಗೆದ ಬಟ್ಟೆ ಮಡಚುತ್ತಾ, ಮುಖ ನೋಡದೆ, “ನಿನ್ನ ಯಾಕಮ್ಮ ಬಿಟ್ಟ ಅವನು?” ಎಂದರು.

“ಗೊತ್ತಿಲ್ಲ ಅತ್ತೆ. ನನ್ನಾಣೆಗೂ ಗೊತ್ತಿಲ್ಲ.”

“ಹೂಂ” ಎಂದರು. ಮಗಳ ಲಂಗವೊಂದು ಅವರ ಕೈಯಲ್ಲಿತ್ತು.

ಗಂಡ ಬಸ್ ಓಡಿಸುವವನು, ಒಳ್ಳೆಯವನು. “ಅಮ್ಮನ ಮಾತು ಮನಸ್ಸಿಗೆ ಹಚ್ಕೋಬೇಡ” ಎನ್ನುತ್ತಿದ್ದ. ಆದರೆ ಅವನೂ ಊಟದ ನಡುವೆ ಕೈ ನಿಲ್ಲಿಸಿ ಇವಳನ್ನೇ ನೋಡುತ್ತಿದ್ದುದುಂಟು. ಆಗ ಅವನಿಗಿಂತ ಮೊದಲು ಇವಳೇ ಕಣ್ಣು ತಗ್ಗಿಸುತ್ತಿದ್ದಳು, ತಪ್ಪು ಮಾಡಿದವಳಂತೆ.

ವಿಚಾರಣೆ ಶುರುವಾಗಲು ಎರಡು ವರ್ಷ ಹಿಡಿಯಿತು. ಸರ್ಕಾರಿ ವಕೀಲೆ ಇವಳನ್ನು ಮತ್ತೆ ಮತ್ತೆ ಕರೆಸಿ, ಸಾಕ್ಷಿ ಹೇಗೆ ಹೇಳಬೇಕೆಂದು ತಿದ್ದಿದರು. “ಕೇಳಿದ್ದಕ್ಕೆ ಮಾತ್ರ ಉತ್ತರ. ಅಳು ಬಂದ್ರೆ ನೀರು ಕೇಳಿ. ನೀವೊಬ್ಬರೇ ಕಣ್ಣಾರೆ ಕಂಡವರು, ಇಡೀ ಕೇಸು ನಿಮ್ಮ ಮೇಲೆ ನಿಂತಿದೆ.”

“ಮೇಡಂ, ನನ್ನ ಯಾಕೆ ಬಿಟ್ಟೆ ಅಂತ ಅವನನ್ನ ನೀವು ಕೇಳ್ತೀರಾ?”

“ಅವನು ಕಟಕಟೆಗೆ ಬಂದ್ರೆ ಖಂಡಿತ ಕೇಳ್ತೀನಿ.”

ಆ ಒಂದು ಮಾತಿನ ಮೇಲೆ ಎರಡು ವರ್ಷ ಜೀವ ಹಿಡಿದಳು. ಎಲ್ಲರೆದುರು ಅವನ ಬಾಯಿಂದಲೇ ಬರಲಿ, ಅತ್ತೆಯ ಕಿವಿಗೇ ಬೀಳಲಿ ಎಂದು.

ವಿಚಾರಣೆಯ ಮೊದಲ ದಿನ ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಮಗನ ಕೈ ಹಿಡಿದು ಎರಡನೇ ಸಾಲಿನಲ್ಲಿ ಕೂತಿದ್ದರು. ಆಪಾದನೆ ಓದಿದ್ದೇ ತಡ, ರೇಡಿಯೋ ಎದ್ದು ನಿಂತು, “ನಾನೇ ಮಾಡಿದ್ದು. ಒಪ್ಕೋತೀನಿ” ಎಂದ. ಅವನ ವಕೀಲನೇ ಬೆಪ್ಪಾದ. ನ್ಯಾಯಾಧೀಶರು ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ.

“ಯಾಕೆ ಮಾಡಿದೆ? ಏನಾದ್ರೂ ಹೇಳೋದಿದ್ಯಾ?”

“ಏನಿಲ್ಲ.”

ಸಾಕ್ಷಿ ಬೇಕಾಗಲಿಲ್ಲ. ಸಾಯುವವರೆಗೂ ಸೆರೆವಾಸ ಎಂದು ತೀರ್ಪಾಯಿತು. ಜನ ಚಪ್ಪಾಳೆ ತಟ್ಟಿದರು. ಹೊಲಿಗೆಯವಳು ತಾನು ಎದ್ದದ್ದೂ ತಿಳಿಯದೆ ಎದ್ದು ನಿಂತು, “ಸ್ವಾಮಿ, ನಾನೊಂದು ಮಾತು ಅವನನ್ನ ಕೇಳ್ಬೇಕು” ಎಂದಳು. ನ್ಯಾಯಾಧೀಶರು ಕರುಣೆಯಿಂದಲೇ ನೋಡಿದರು. “ಕೂತ್ಕೊಳ್ಳಿ ಅಮ್ಮ. ನಿಮಗೆ ನ್ಯಾಯ ಸಿಕ್ಕಿದೆ. ಮನೆಗೆ ಹೋಗಿ ನೆಮ್ಮದಿಯಾಗಿರಿ.”

ವಕೀಲೆ ಅವಳ ಹೆಗಲು ತಟ್ಟಿ, “ಗೆದ್ವಿ” ಎಂದರು.

ಸೆರೆಮನೆಗೆ ಅರ್ಜಿ ಬರೆದಳು. ಎರಡು ಸಲ, ‘ಕೈದಿಗೆ ಭೇಟಿ ಇಷ್ಟವಿಲ್ಲ’ ಎಂದು ಉತ್ತರ ಬಂತು. ಮೂರನೇ ಸಲ ಒಪ್ಪಿದ. ಜಾಲರಿಯ ಆಚೆ ಬಂದು ಕೂತವನು ಸ್ವಲ್ಪ ದಪ್ಪಗಾಗಿದ್ದ. ಅಷ್ಟು ದಿನ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ ಅವಳ ಬಾಯಲ್ಲಿ ಬಂದದ್ದು ಇಷ್ಟೇ: “ನನ್ನ ಯಾಕೆ ಬಿಟ್ರಿ?”

ಅವನು ಹುಬ್ಬು ಗಂಟಿಕ್ಕಿದ. “ಎಲ್ಲಿ?”

“ಕಾಗದದ ಕೋಣೇಲಿ. ಬಾಗಿಲು ತೆಗೆದ್ರಲ್ಲ. ನನ್ನ ನೋಡಿದ್ರಲ್ಲ.”

“ಅಲ್ಲಿ ಕತ್ತಲಿತ್ತು. ಯಾರೂ ಕಾಣಲಿಲ್ಲ. ನೀನು ಅವತ್ತು ರಜೆ ಅಂದ್ಕೊಂಡಿದ್ದೆ” ಎಂದ.

“ಸುಳ್ಳು ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ನಿಜ ಹೇಳಿ.”

“ನಿಜ ಬೇಕಾದ್ರೆ ಅದೇ. ಬೇರೆ ಬೇಕಾದ್ರೆ ನೀನೇ ಏನಾದ್ರೂ ಅಂದ್ಕೋ” ಎಂದವನೇ ಎದ್ದು ಕಾವಲುಗಾರನ ಕಡೆ ತಿರುಗಿದ. ಬೇಸರವಾದವನಂತೆ ಕಂಡನೇ ಹೊರತು ಪಶ್ಚಾತ್ತಾಪ ಪಟ್ಟವನಂತೆ ಅಲ್ಲ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕಾಳು ಆರಿಸುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದಳು. “ಅತ್ತೆ, ಅವನಿಗೆ ನಾನು ಕಾಣಲೇ ಇಲ್ವಂತೆ. ಕತ್ತಲಿತ್ತಂತೆ.”

ಅತ್ತೆಯ ಬೆರಳುಗಳು ನಿಂತವು. “ಅವತ್ತು ಪೊಲೀಸರ ಹತ್ರ, ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಅಂತ ನೀನೇ ಬರೆಸಿದ್ದೆ.”

“ಹೌದು.”

“ಹಾಗಾದ್ರೆ ಯಾವುದು ನಿಜ?”

ಅವಳು ಬಾಯಿ ತೆರೆದಳು. ಹೊಸ್ತಿಲು, ಬಂದೂಕು, ಆ ಎರಡು ಕಣ್ಣು ಎಲ್ಲವೂ ಈಗಲೂ ಎದುರಿಗಿದ್ದವು. ಆದರೆ ಹೇಳಲು ಹೊರಟರೆ ತನ್ನ ಮಾತು ತನಗೇ ಸುಳ್ಳೆನಿಸಿತು. ಅತ್ತೆ ಕಾದರು, ಆಮೇಲೆ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು. ಇವಳು ಮೊರದ ಅರ್ಧವನ್ನು ತನ್ನ ಕಡೆ ಎಳೆದುಕೊಂಡಳು. ಅತ್ತೆ ಬೇಡವೆನ್ನಲಿಲ್ಲ.